ಹೂವು ಮುಗಿದ ಮೇಲೆ



ನಿಮ್ಮ ಮನೆಯ ಮುಂದೆ ನಾಲ್ಕಾರು ಹೂಗಿಡಗಳಿದ್ದರೆ ಬೆಳಗಿನ ಒಂದು ಕೆಲಸ ನಿಮಗೆ ಚೆನ್ನಾಗಿ ಪರಿಚಯವಿರುತ್ತದೆ. ಬಾಡಿದ ಹೂವನ್ನು ಚಿವುಟಿ ಹಾಕುವುದು, ಉದುರಿದ ಎಲೆಗಳನ್ನು ಗುಡಿಸಿ ಒಂದು ಮೂಲೆಗೆ ರಾಶಿ ಹಾಕುವುದು, ಹೂ ಬಿಟ್ಟು ಒಣಗಿದ ಗಿಡವನ್ನು "ಇದರ ಕಾಲ ಮುಗಿಯಿತು" ಎಂದು ಬುಡಸಹಿತ ಕಿತ್ತು ಬಿಸಾಡುವುದು. ಸಂಜೆ ಆ ರಾಶಿಗೆ ಬೆಂಕಿ ಇಟ್ಟುಬಿಟ್ಟರೆ ಅಂಗಳ ಚೊಕ್ಕಟವಾಯಿತೆಂಬ ಸಮಾಧಾನ. ಅಂದರೆ ನಮ್ಮ ಲೆಕ್ಕದಲ್ಲಿ ಹೂವಿರುವಷ್ಟು ದಿನ ಅದು ಗಿಡ. ಹೂವು ಮುಗಿದ ಮೇಲೆ ಅದು ಕಸ.

ಇದು ನಮ್ಮೂರಿನ ರೂಢಿ ಮಾತ್ರವಲ್ಲ. ತೋಟಗಾರಿಕೆಗೆ ಹೆಸರಾದ ಯೂರೋಪಿನ ದೇಶಗಳಲ್ಲಿಯೂ ಬಹುಕಾಲ ನಡೆದುಬಂದ ಪದ್ಧತಿ ಇದೇ. ಆದರೆ ಅಲ್ಲಿ ಕೆಲವರು ಒಂದು ಪ್ರಶ್ನೆ ಕೇಳಿದರು: ಹೂವು ಮುಗಿದ ಮೇಲೆ ಗಿಡದಲ್ಲಿ ನೋಡುವಂಥದ್ದು ನಿಜವಾಗಿಯೂ ಏನೂ ಇಲ್ಲವೇ? ಆ ಪ್ರಶ್ನೆಯನ್ನು ತನ್ನ ಮನೆಯ ತೋಟದಲ್ಲಿಯೇ ಇಟ್ಟುಕೊಂಡು ಜೀವಮಾನವಿಡೀ ಉತ್ತರ ಹುಡುಕಿದವರು ಪೀಟ್ ಔಡಾಲ್ಫ್. ಅವರ ಊರು ನೆದರ್‌ಲೆಂಡ್ಸ್ ದೇಶದ ಪೂರ್ವಭಾಗದಲ್ಲಿ, ಜರ್ಮನಿಯ ಗಡಿಗೆ ಹತ್ತಿರವಿರುವ ಹುಮ್ಮೆಲೊ ಎಂಬ ಹಳ್ಳಿ. ಆ ತೋಟದ ಶರತ್ಕಾಲದ ದಿನಗಳ ಬಗ್ಗೆ, ಅದರ ಹಿಂದಿರುವ ವಿಚಾರದ ಬಗ್ಗೆ ಈ ದಿನ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಮೊದಲಿಗೆ ಋತುವಿನ ವಿಷಯ. ನಮ್ಮ ಪಂಚಾಂಗದಲ್ಲಿ ಋತುಗಳು ಆರು. ಆಶ್ವಯುಜ, ಕಾರ್ತಿಕ ಮಾಸಗಳು ಸೇರಿ ಶರದೃತು. ಇಂಗ್ಲಿಷರ 'ಆಟಮ್' ಎಂಬ ಮಾತನ್ನು ನಾವು ಶರತ್ಕಾಲವೆಂದೇ ಅನುವಾದ ಮಾಡುತ್ತೇವೆ. ತಿಂಗಳುಗಳ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸರಿ; ಗುಣದಲ್ಲಿ ಮಾತ್ರ ಎರಡಕ್ಕೂ ಬಹಳ ವ್ಯತ್ಯಾಸ. ನಮ್ಮಲ್ಲಿ ಶರತ್ಕಾಲವೆಂದರೆ ಮಳೆ ಹಿಂದೆಗೆದು ಆಕಾಶ ತಿಳಿಯಾಗುವ, ನೆಲವೆಲ್ಲ ಹಸಿರಾಗಿರುವ, ನವರಾತ್ರಿ ಬರುವ ಕಾಲ. ಅಲ್ಲಿ ಅದು ಹಸಿರು ಹಿಂದೆಗೆಯುವ ಕಾಲ.

ಕಾರಣ ಸೂರ್ಯನ ಬೆಳಕು. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತ್ಯಂತ ದೀರ್ಘ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ಅತ್ಯಂತ ಚಿಕ್ಕ ಹಗಲು 11 ಗಂಟೆಗೆ ಸ್ವಲ್ಪ ಹೆಚ್ಚು. ಹುಮ್ಮೆಲೊ ಇರುವುದು ಸುಮಾರು 52 ಡಿಗ್ರಿ ಉತ್ತರದಲ್ಲಿ. ಅಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗಳಿಗೂ ಹೆಚ್ಚು. ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಹಗಲು ಹೀಗೆ ಕುಗ್ಗುತ್ತ ಬಂದಂತೆ, ಚಳಿ ಏರುತ್ತ ಬಂದಂತೆ, ಗಿಡಮರಗಳು ಬರಲಿರುವ ಕಷ್ಟದ ದಿನಗಳಿಗೆ ಸಿದ್ಧವಾಗತೊಡಗುತ್ತವೆ.

ಈ ಸಿದ್ಧತೆ ನಡೆಯುವ ಬಗೆಯನ್ನು ಸ್ವಲ್ಪ ಗಮನಿಸಿ. ಎಲೆಗೆ ಹಸಿರು ಬಣ್ಣ ಕೊಡುವ ವಸ್ತು ಪತ್ರಹರಿತ್ತು ಎಂಬುದು ನಿಮಗೆ ತಿಳಿದೇ ಇದೆ. ಗಿಡವು ಆ ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿರುವ ಸಾರಜನಕವೇ ಮೊದಲಾದ ಬೆಲೆಬಾಳುವ ಅಂಶಗಳನ್ನು ಕಾಂಡಕ್ಕೂ ಬೇರಿಗೂ ಹಿಂದಕ್ಕೆಳೆದುಕೊಳ್ಳುತ್ತದೆ. ಮನೆ ಖಾಲಿ ಮಾಡುವ ಮೊದಲು ಪಾತ್ರೆಪದಾರ್ಥಗಳನ್ನು ಸಾಗಿಸುವ ಹಾಗೆ. ಹಸಿರು ಹೋದೊಡನೆ ಹಳದಿ ಕಾಣುತ್ತದೆ. ಈ ಹಳದಿ ಹೊಸದಾಗಿ ಬಂದದ್ದಲ್ಲ. ಕ್ಯಾರೊಟಿನಾಯ್ಡ್ ಎಂಬ ಆ ವರ್ಣದ್ರವ್ಯ ಬೇಸಗೆಯಲ್ಲಿಯೂ ಎಲೆಯೊಳಗಿತ್ತು, ಹಸಿರಿನ ಮರೆಯಲ್ಲಿತ್ತು. ಕೆಂಪು ಬಣ್ಣದ ಆಂಥೋಸಯನಿನ್ ಮಾತ್ರ ಬಹುಪಾಲು ಆಗಲೇ ಹೊಸದಾಗಿ ತಯಾರಾಗುವಂಥದ್ದು. ಕೊನೆಗೆ ತೊಟ್ಟಿನ ಬುಡದಲ್ಲಿ ಜೀವಕೋಶಗಳ ಒಂದು ತೆಳುವಾದ ಪದರ ಸಡಿಲಗೊಂಡು ಎಲೆ ಕಳಚಿಕೊಳ್ಳುತ್ತದೆ. ಎಲೆ ಉದುರುವುದು ಗಿಡದ ಸೋಲಲ್ಲ. ಅದು ಗಿಡವೇ ನಡೆಸುವ ಕೆಲಸ. ಅನೇಕ ಹೂಗಿಡಗಳಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿದರೂ ಬೇರು ನೆಲದೊಳಗೆ ಜೀವಂತವಾಗಿದ್ದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಇವನ್ನು ಬಹುವಾರ್ಷಿಕ ಸಸ್ಯಗಳೆಂದು ಕರೆಯುತ್ತೇವೆ. ನಮ್ಮ ಇಂದಿನ ಕಥೆಯ ನಾಯಕರು ಇವೇ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರ ಹೂದೋಟಗಳಿಗೆ ಈ ಬಹುವಾರ್ಷಿಕಗಳು ಹೆಚ್ಚಾಗಿ ಬೇಕಿರಲಿಲ್ಲ. ಗಾಜಿನ ಮನೆಗಳಲ್ಲಿ ಬೆಳೆಸಿದ ಸಸಿಗಳನ್ನು ತಂದು, ರತ್ನಗಂಬಳಿಯ ಚಿತ್ತಾರದಂತೆ ಸಾಲಾಗಿ ನೆಟ್ಟು, ಹೂವು ಮುಗಿದೊಡನೆ ಕಿತ್ತೊಗೆದು ಬೇರೆ ಸಸಿಗಳನ್ನು ನೆಡುವುದು ಆಗಿನ ಸಂಪ್ರದಾಯ. ಇದನ್ನು ಬಲವಾಗಿ ವಿರೋಧಿಸಿದವರು ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ರಾಬಿನ್ಸನ್. ಅವರು 1870ರಲ್ಲಿ 'ದಿ ವೈಲ್ಡ್ ಗಾರ್ಡನ್' ಎಂಬ ಪುಸ್ತಕ ಬರೆದರು. ಆ ಮಣ್ಣಿಗೆ, ಆ ಹವೆಗೆ ಒಗ್ಗುವ ಗಿಡಗಳನ್ನು ಆರಿಸಿ, ಅವು ತಮ್ಮಷ್ಟಕ್ಕೆ ತಾವು ನೆಲೆನಿಲ್ಲುವಂತೆ ಬಿಡಬೇಕು ಎಂಬುದು ಅವರ ವಾದ. ಗಮನಿಸಿ, ತೋಟವನ್ನು ಕಾಡಾಗಲು ಬಿಡಿ ಎಂದು ಅವರು ಹೇಳಲಿಲ್ಲ. ಗಿಡದ ಸ್ವಭಾವವನ್ನು ಅರಿತು ಅದಕ್ಕೆ ತಕ್ಕ ಜಾಗ ಕೊಡಿ ಎಂದರು.

ಮುಂದಿನ ಹೆಸರು ಜರ್ಮನಿಯ ಕಾರ್ಲ್ ಫಾಯರ್‌ಸ್ಟರ್. ಬರ್ಲಿನ್ನಿನ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ ಸಸ್ಯಪಾಲನಾಲಯ ನಡೆಸುತ್ತಿದ್ದ ಅವರು ತಮ್ಮ ತೋಟಕ್ಕೆ ನಾಲ್ಕು ಋತುಗಳು ಸಾಲವೆಂದು ಏಳು ಋತುಗಳನ್ನು ಎಣಿಸಿಕೊಂಡರು: ವಸಂತದ ಮುಂಚಿನ ಕಾಲ, ವಸಂತ, ಬೇಸಗೆಯ ಆರಂಭ, ನಡುಬೇಸಗೆ, ಶರತ್ತು, ಶರತ್ತಿನ ಕೊನೆ, ಚಳಿಗಾಲ. ಆರು ಋತುಗಳ ನಾಡಿನವರಾದ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಋತುಗಳನ್ನು ಹೆಚ್ಚು ಎಣಿಸಿದವನು ಹೆಚ್ಚು ನೋಡಿದ್ದಾನೆ ಎಂದೇ ಅರ್ಥ. ಹೂದೋಟದೊಳಗೆ ಹುಲ್ಲಿಗೆ ಗೌರವದ ಸ್ಥಾನ ಕೊಟ್ಟವರಲ್ಲಿ ಅವರು ಪ್ರಮುಖರು. ಅವರ ಹೆಸರನ್ನೇ ಹೊತ್ತ ಎತ್ತರದ ಹುಲ್ಲಿನ ತಳಿಯೊಂದು ಇಂದು ಅನೇಕ ದೇಶಗಳ ತೋಟಗಳಲ್ಲಿದೆ.

ನೆದರ್‌ಲೆಂಡ್ಸ್‌ನಲ್ಲಿ ಇದೇ ದಾರಿಯನ್ನು ಬೇರೊಂದು ಬಗೆಯಲ್ಲಿ ತೆರೆದವರು ಯಾಕ್ ಥೈಸೆ ಎಂಬ ಶಾಲಾ ಉಪಾಧ್ಯಾಯರು. ಅವರ ಎರಡು ಕೆಲಸಗಳನ್ನು ನಿಮಗೆ ಹೇಳಲೇಬೇಕು. ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಸಮೀಪದಲ್ಲಿ ನಾರ್ಡರ್‌ಮೀರ್ ಎಂಬ ಕೆರೆಯಿದೆ. ಜೊಂಡು, ನೀರಹಕ್ಕಿಗಳು ತುಂಬಿದ ಆ ಕೆರೆಯನ್ನು ನಗರದ ಕಸ ಸುರಿಯುವ ಜಾಗವನ್ನಾಗಿ ಮಾಡುವ ಯೋಜನೆ ಬಂದಿತು. ಥೈಸೆ ಮತ್ತು ಸಂಗಡಿಗರು ಅದನ್ನು ವಿರೋಧಿಸಿ, 1905ರಲ್ಲಿ ನಿಸರ್ಗ ಸಂರಕ್ಷಣೆಗಾಗಿ ಒಂದು ಸಂಘ ಕಟ್ಟಿದರು. ಮರುವರ್ಷ ಆ ಸಂಘವೇ ಕೆರೆಯನ್ನು ಕೊಂಡುಕೊಂಡಿತು. ಕಸ ಬೀಳಬೇಕಿದ್ದ ಆ ಕೆರೆ ಆ ದೇಶದ ಮೊದಲ ರಕ್ಷಿತ ನಿಸರ್ಗಧಾಮವಾಯಿತು. ಇನ್ನೊಂದು ಕೆಲಸ ಮಕ್ಕಳಿಗೆ ಸಂಬಂಧಿಸಿದ್ದು. ವರ್ಕಾಡೆ ಎಂಬ ಬಿಸ್ಕತ್ತಿನ ಕಂಪನಿಯು ಸಂಗ್ರಹಿಸಿ ಅಂಟಿಸಲೆಂದು ಬಣ್ಣದ ಚಿತ್ರಗಳನ್ನು ಹಂಚುತ್ತಿತ್ತು. ಅವನ್ನು ಅಂಟಿಸುವ ಆಲ್ಬಮ್ಮುಗಳಿಗೆ ಥೈಸೆ ಪಾಠ ಬರೆದುಕೊಟ್ಟರು. 1906ರಿಂದ 1909ರವರೆಗೆ ವಸಂತ, ಬೇಸಗೆ, ಶರತ್ಕಾಲ, ಚಳಿಗಾಲ ಎಂಬ ನಾಲ್ಕು ಆಲ್ಬಮ್ಮುಗಳು ಬಂದವು. ಹೀಗೆ ಒಂದು ತಲೆಮಾರಿನ ಮಕ್ಕಳು ಬಿಸ್ಕತ್ತು ತಿನ್ನುತ್ತ ತಮ್ಮ ನಾಡಿನ ಗಿಡ, ಹುಳು, ಹಕ್ಕಿಗಳ ಹೆಸರು ಕಲಿತರು. 1925ರಲ್ಲಿ ಬ್ಲೂಮೆಂಡಾಲ್ ಎಂಬ ಊರಿನಲ್ಲಿ ಥೈಸೆ ಅವರ ಅರವತ್ತನೆಯ ಹುಟ್ಟುಹಬ್ಬದ ಕಾಣಿಕೆಯಾಗಿ, ಆ ಸೀಮೆಯ ಕಾಡುಗಿಡಗಳದೇ ಒಂದು ತೋಟ ತಲೆಯೆತ್ತಿತು.

ಈಗ ಪೀಟ್ ಔಡಾಲ್ಫ್ ಅವರ ಕಥೆಗೆ ಬರೋಣ. ಅವರು ಹುಟ್ಟಿದ್ದು 1944ರಲ್ಲಿ, ಹಾರ್ಲೆಮ್ ನಗರದಲ್ಲಿ. ಅವರ ತಂದೆತಾಯಿ ಹೋಟೆಲು ವ್ಯವಹಾರ ನಡೆಸುತ್ತಿದ್ದುದು ಅದೇ ಬ್ಲೂಮೆಂಡಾಲ್‌ನಲ್ಲಿ. ಮಗನೂ ಅದೇ ಕಸುಬು ಹಿಡಿಯಬೇಕಾಗಿತ್ತು. ಆದರೆ ಸುಮಾರು 25ನೆಯ ವಯಸ್ಸಿನಲ್ಲಿ ಇದು ತನ್ನ ದಾರಿಯಲ್ಲವೆಂದು ಅವರಿಗೆ ಅನಿಸಿತು. ಗಿಡ ಮಾರುವ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಗಿಡಗಳ ಮೇಲೆ ಹುಟ್ಟಿದ ಪ್ರೀತಿಯೇ ಮುಂದೆ ಅವರ ವೃತ್ತಿಯಾಯಿತು. ಯಾವ ಕಸುಬು ಹಿಡಿಯಬೇಕೆಂದು ಯೋಚಿಸುತ್ತಿರುವ ಕಾಲೇಜು ವಿದ್ಯಾರ್ಥಿಗಳು ಈ ಮಾತನ್ನು ಗಮನದಲ್ಲಿಡಬಹುದು.

1982ರಲ್ಲಿ ಅವರು ಪತ್ನಿ ಆನ್ಯಾ ಮತ್ತು ಇಬ್ಬರು ಗಂಡುಮಕ್ಕಳೊಡನೆ ಹುಮ್ಮೆಲೊಗೆ ಬಂದು, ಹಳೆಯ ರೈತರ ಮನೆಯೊಂದರಲ್ಲಿ ನೆಲೆಸಿದರು. ತಮಗೆ ಬೇಕಾದಂಥ ಗಿಡಗಳು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ ತಾವೇ ಒಂದು ಸಸ್ಯಪಾಲನಾಲಯ ತೆರೆದರು. ಅದರ ವ್ಯವಹಾರ, ಬಂದುಹೋಗುವವರ ಉಪಚಾರ ಇವೆಲ್ಲ ಆನ್ಯಾ ಅವರ ಪಾಲಿಗೆ. ಮನೆಯ ಸುತ್ತಲಿನ ತೋಟ ಪ್ರಯೋಗಶಾಲೆಯಾಯಿತು. ಯಾವ ಗಿಡ ಆಸರೆಗೋಲಿಲ್ಲದೆ ನಿಲ್ಲುತ್ತದೆ, ಯಾವುದು ನೆರೆಯ ಗಿಡವನ್ನು ನುಂಗಿಹಾಕುತ್ತದೆ, ಯಾವುದು ಹೂವು ಹೋದ ಮೇಲೂ ನೋಡುವಂತಿರುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ನೋಡಿ ಕಲಿತರು.

ಅವರ ವಿಧಾನದಲ್ಲಿ ಬಣ್ಣಕ್ಕೆ ಎರಡನೆಯ ಸ್ಥಾನ, ಆಕಾರಕ್ಕೆ ಮೊದಲನೆಯದು. ಹೂಗೊಂಚಲು ಹೇಗಿದೆ? ಗೋಪುರದಂತೆ ನೆಟ್ಟಗೆ ಏರುತ್ತದೆಯೇ? ಚೆಂಡಿನಂತೆ, ಗುಂಡಿಯಂತೆ ದುಂಡಗಿದೆಯೇ? ಸೇವಂತಿಗೆಯಂತೆ ಎಸಳು ಬಿಚ್ಚಿದೆಯೇ? ಕೊತ್ತಂಬರಿಯ ಹೂವಿನಂತೆ ಕೊಡೆ ಹಿಡಿದಿದೆಯೇ? ಚಾಮರದಂತೆ ಬಾಗುತ್ತದೆಯೇ? ಅಥವಾ ಹಿಂದಿನದು ಕಾಣುವಂಥ ತೆಳ್ಳನೆಯ ಪರದೆಯಾಗುತ್ತದೆಯೇ? ಇಂಥ ಆಕಾರಗಳನ್ನು ಒಂದರ ಪಕ್ಕ ಒಂದಿಟ್ಟು ತೋಟದ ನಕ್ಷೆ ಬರೆಯುತ್ತಾರೆ. ಇದರ ಗುಟ್ಟು ಸರಳ. ಬಣ್ಣ ಕೆಲವು ವಾರ ಇರುತ್ತದೆ. ಆಕಾರ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ತೋಟ ಕಪ್ಪು-ಬಿಳುಪು ಛಾಯಾಚಿತ್ರದಲ್ಲಿಯೂ ಚೆನ್ನಾಗಿ ಕಂಡರೆ ಅದರ ಕಟ್ಟಡ ಗಟ್ಟಿಯಾಗಿದೆ ಎಂದು ತಿಳಿಯಬಹುದು. ಈ ಪರೀಕ್ಷೆಯನ್ನು ನಿಮ್ಮ ಶಾಲೆಯ ತೋಟದ ಮೇಲೂ ಮಾಡಿ ನೋಡಿ.

ಇನ್ನೊಂದು ಸೂತ್ರವೂ ಉಂಟು. ಕನಿಷ್ಠ ಶರತ್ಕಾಲದವರೆಗೆ ತಮ್ಮ ಆಕಾರ ಉಳಿಸಿಕೊಳ್ಳುವ ಗಿಡಗಳು ಸ್ಥೂಲವಾಗಿ ನೂರಕ್ಕೆ 70 ಇರಬೇಕು. ಹೂವಿನ ಬಣ್ಣಕ್ಕಾಗಿ ಮಾತ್ರ ಇರುವ, ಆಮೇಲೆ ಮುದುರಿಹೋಗುವ ಗಿಡಗಳು 30 ಸಾಕು. ಸಾಲುಸಾಲಾಗಿ ನೆಡುವುದಿಲ್ಲ. ಹುಲ್ಲುಗಾವಲಿನಲ್ಲಿ ಹೇಗೆ ಒಂದು ಹುಲ್ಲು ಎಲ್ಲೆಡೆ ಹರಡಿದ್ದು ಅದರ ನಡುವೆ ಅಲ್ಲಲ್ಲಿ ಹೂಗಳು ಎದ್ದಿರುತ್ತವೆಯೋ, ಹಾಗೆ ಬೆರೆಸಿ ನೆಡುತ್ತಾರೆ. ಜರ್ಮನಿಯ ರಿಚರ್ಡ್ ಹಾನ್ಸನ್ ಎಂಬ ವಿಜ್ಞಾನಿ ಇದಕ್ಕೆ ಮೊದಲೇ ತಳಹದಿ ಹಾಕಿದ್ದರು. ಕಾಡಿನಂಚು, ಬಯಲು, ಕಲ್ಲುನೆಲ, ನೀರಿನ ದಡ ಹೀಗೆ ಗಿಡದ ಮೂಲ ನೆಲೆ ಯಾವುದೋ ಅದನ್ನು ನೋಡಿ ತೋಟದಲ್ಲಿ ಅದರ ಜಾಗವನ್ನು ನಿರ್ಧರಿಸಬೇಕೆಂದು ಅವರು ತೋರಿಸಿಕೊಟ್ಟರು.

ಈಗ ಅಂಥ ತೋಟದಲ್ಲಿ ಅಕ್ಟೋಬರ್ ತಿಂಗಳ ಒಂದು ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಬೆಳಗ್ಗೆ ಮಂಜು. ಹುಲ್ಲಿನ ತೆನೆತೆನೆಗೂ ನೀರಹನಿ, ಒಣಕಡ್ಡಿಗಳ ನಡುವೆ ಜೇಡನ ಬಲೆಗಳು. ಮೊಲಿನಿಯಾ ಎಂಬ ಹುಲ್ಲು ಬೆಳೆದ ಭತ್ತದ ಬಣ್ಣಕ್ಕೆ ತಿರುಗಿದೆ. ಪ್ಯಾನಿಕಮ್ ಎಂಬ ಇನ್ನೊಂದರ ಎಲೆಗಳಿಗೆ ಕೆಂಪು ಏರಿದೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಎಕಿನೇಶಿಯಾದ ಎಸಳುಗಳೆಲ್ಲ ಉದುರಿ ನಡುವಿನ ಮುಳ್ಳುಗುಂಡು ಮಾತ್ರ ಕಪ್ಪಾಗಿ ನಿಂತಿದೆ. ನಮ್ಮ ತುಂಬೆಯ ಕುಟುಂಬದ್ದೇ ಆದ ಫ್ಲೋಮಿಸ್, ಕಡ್ಡಿಗೆ ಮಣಿ ಪೋಣಿಸಿದ ಹಾಗೆ ಒಣಗೊಂಚಲುಗಳನ್ನು ಹೊತ್ತಿದೆ. ಇವೆಲ್ಲದರ ನಡುವೆ ಆಸ್ಟರ್ ಗಿಡಗಳು ಮಾತ್ರ ನೇರಳೆ ಹೂವು ಬಿಡುತ್ತಿವೆ. ಅವುಗಳ ಸರದಿಯೇ ಈಗ.

ಆ ಅಕ್ಷಾಂಶದಲ್ಲಿ ಅಕ್ಟೋಬರಿನ ಸೂರ್ಯ ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ನಮ್ಮಲ್ಲಿ ಅದೇ ಹೊತ್ತಿಗೆ ಹೆಚ್ಚುಕಡಿಮೆ 70 ಡಿಗ್ರಿ. ಹೀಗಾಗಿ ಅಲ್ಲಿ ಬೆಳಕು ಗಿಡದ ಮೇಲಿಂದ ಬೀಳುವುದಕ್ಕಿಂತ ಹೆಚ್ಚಾಗಿ ಗಿಡದ ಹಿಂದಿನಿಂದ ಹಾಯುತ್ತದೆ. ಒಣಗಿದ ತೆನೆಗಳು ದೀಪ ಹಚ್ಚಿದಂತೆ ಹೊಳೆಯುವುದು ಇದರಿಂದಲೇ. ಕಂದು ಕೂಡ ಒಂದು ಬಣ್ಣವೇ ಎಂಬುದು ಔಡಾಲ್ಫ್ ಅವರ ನಿಲುವು. ಆ ಕಂದಿನೊಳಗೆ ಜೇನುಬಣ್ಣ, ತುಕ್ಕುಬಣ್ಣ, ಬೆಲ್ಲದ ಬಣ್ಣ, ಸುಟ್ಟ ಇದ್ದಿಲಿನ ಬಣ್ಣ ಎಷ್ಟೋ ಇವೆ. ಮುಂದೆ ಡಿಸೆಂಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟಿದಾಗ ಇದೇ ಕಡ್ಡಿಗಳು ಬಿಳಿಯ ಹರಳು ಹೊತ್ತು ನಿಲ್ಲುತ್ತವೆ. ಅವರ ಬಗ್ಗೆ 2017ರಲ್ಲಿ ಬಂದ 'ಫೈವ್ ಸೀಸನ್ಸ್' ಎಂಬ ಸಾಕ್ಷ್ಯಚಿತ್ರ ಶರತ್ಕಾಲದಿಂದ ಹೊರಟು, ವರ್ಷ ಸುತ್ತಿ, ಮತ್ತೆ ಶರತ್ಕಾಲಕ್ಕೇ ಬಂದು ನಿಲ್ಲುತ್ತದೆ. ಬೇರೆಯವರು ಕೊನೆಯೆಂದು ಭಾವಿಸಿದ್ದು ಇಲ್ಲಿ ಆರಂಭ.

ಹಾಗಾದರೆ ಇದು ಸೋಮಾರಿಯ ತೋಟವೇ? ಅಲ್ಲ. ಒಣಕಡ್ಡಿಗಳನ್ನು ಶರತ್ಕಾಲದಲ್ಲಿ ಕತ್ತರಿಸುವುದಿಲ್ಲ, ನಿಜ. ಆದರೆ ಚಳಿಗಾಲದ ಕೊನೆಗೆ, ಹೊಸ ಚಿಗುರು ಏಳುವ ಮೊದಲು, ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಲೇಬೇಕು. ಅತಿಯಾಗಿ ಹಬ್ಬುವ ಗಿಡವನ್ನು ತಡೆಯಬೇಕು, ಸೋತ ಗಿಡಕ್ಕೆ ಜಾಗ ಮಾಡಿಕೊಡಬೇಕು, ಕಳೆ ತೆಗೆಯಬೇಕು. ಸಹಜವಾಗಿ ಕಾಣುವ ತೋಟದಲ್ಲಿ ಮನುಷ್ಯನ ಕೈಯ ಕೆಲಸ ಕಾಣದಂತಿರುತ್ತದೆಯೇ ಹೊರತು ಇಲ್ಲದಂತಿರುವುದಿಲ್ಲ. ಕೆಲವೊಮ್ಮೆ ನಿಸರ್ಗ ನಮ್ಮ ಇಷ್ಟಕ್ಕೆ ವಿರುದ್ಧವಾಗಿಯೂ ತೀರ್ಪು ಕೊಡುತ್ತದೆ. ಹುಮ್ಮೆಲೊ ತೋಟದ ಹಿಂಭಾಗದಲ್ಲಿ ಯೂ ಮರಗಳ ಬೇಲಿಗಳಿದ್ದವು. ರಂಗಮಂಚದ ತೆರೆಗಳಂತೆ ಅಲೆಯಲೆಯಾಗಿ ಕತ್ತರಿಸಿದ್ದ ಆ ಬೇಲಿಗಳ ಚಿತ್ರ ಎಷ್ಟೋ ಪುಸ್ತಕಗಳಲ್ಲಿ ಬಂದಿತ್ತು. ನೀರು ನಿಂತು ಅವು ಹಾಳಾದಾಗ ಔಡಾಲ್ಫ್ ಅವನ್ನು ತೆಗೆಸಿಬಿಟ್ಟರು. 2010ರಲ್ಲಿ ಸಸ್ಯಪಾಲನಾಲಯವನ್ನು ಮುಚ್ಚಿ, ಆ ಜಾಗದಲ್ಲಿ ಹುಲ್ಲುಗಳ ನಡುವೆ ಗಟ್ಟಿಮುಟ್ಟಾದ ಬಹುವಾರ್ಷಿಕಗಳನ್ನು ನೆಟ್ಟು, ಅವು ತಮ್ಮತಮ್ಮೊಳಗೆ ಹೊಂದಿಕೊಳ್ಳುವುದನ್ನು ನೋಡತೊಡಗಿದರು. ಆಗ ಅವರಿಗೆ ವಯಸ್ಸು 60 ದಾಟಿತ್ತು. 2018ರಲ್ಲಿ ಸಾರ್ವಜನಿಕರ ಪ್ರವೇಶ ನಿಲ್ಲಿಸಿದಾಗ ಆ ತೋಟ ಮತ್ತೆ ಬರೀ ಮನೆಯ ತೋಟವಾಯಿತು.

ಆದರೆ ಅಷ್ಟರೊಳಗೆ ಆ ಮನೆಯಂಗಳದ ಪಾಠ ಜಗತ್ತನ್ನು ಸುತ್ತಿತ್ತು. ಅಮೆರಿಕದ ಶಿಕಾಗೊ ನಗರದಲ್ಲಿ 2004ರಲ್ಲಿ ತೆರೆದ ಲೂರಿ ಉದ್ಯಾನದ ಗಿಡಗಳ ಯೋಜನೆ ಔಡಾಲ್ಫ್ ಅವರದು. ನ್ಯೂಯಾರ್ಕಿನ ಹೈಲೈನ್ ಇನ್ನೂ ಸ್ವಾರಸ್ಯಕರ. ಅದು ಬೀದಿಗಳ ಮೇಲೆ ಕಂಬಗಳ ಆಧಾರದಲ್ಲಿ ಹಾದುಹೋಗುವ, 1930ರ ದಶಕದ ಸರಕು ರೈಲುದಾರಿ. 1980ರಲ್ಲಿ ಕೊನೆಯ ರೈಲು ಓಡಿತು. ಆಮೇಲೆ ಯಾರೂ ನೆಡದೆ, ಯಾರೂ ನೀರೆರೆಯದೆ, ಹಳಿಗಳ ನಡುವೆ ಹುಲ್ಲು, ಕಾಡುಹೂಗಳು ತಾವಾಗಿಯೇ ಬೆಳೆದವು. ಹಾಳುಬಿದ್ದ ಕಟ್ಟಡವೆಂದು ಅದನ್ನು ಕೆಡವಲು ಹೊರಟಾಗ ಆಸುಪಾಸಿನ ನಾಗರಿಕರು ತಡೆದರು. 2009ರಿಂದ ಹಂತಹಂತವಾಗಿ ಅದು ಸುಮಾರು 2.3 ಕಿಲೋಮೀಟರ್ ಉದ್ದದ ಉದ್ಯಾನವಾಯಿತು. ಹಳಿಗಳ ನಡುವಿನ ಆ ಕಾಡುಬೆಳೆಯನ್ನು ನೆನಪಿಗೆ ತರುವಂತೆ ಅಲ್ಲಿ ಗಿಡಗಳನ್ನು ಆರಿಸಿ ಜೋಡಿಸಿದವರು ಔಡಾಲ್ಫ್. ನಾರ್ಡರ್‌ಮೀರ್ ಕೆರೆಯ ಕಥೆ ನೆನಪಾಯಿತಲ್ಲವೇ?

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಒಣಗಿದ ಕಡ್ಡಿ ಚೆಂದವೋ ಅಲ್ಲವೋ ಎಂಬುದು ಅವರವರ ಅಭಿರುಚಿ. ಅದಕ್ಕಾಗಿ ಇಷ್ಟೆಲ್ಲ ಮಾತೇಕೆ? ಮಾತು ಅಭಿರುಚಿಗಷ್ಟೇ ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಒಣಗಿದ ಬೀಜದ ಗುಂಡು ಹಕ್ಕಿಗೆ ಚಳಿಗಾಲದ ಊಟ. ಟೊಳ್ಳು ಕಾಂಡದೊಳಗೆ ಒಂಟಿಯಾಗಿ ಬದುಕುವ ಜೇನುಜಾತಿಯ ನೊಣಗಳ ಮರಿಗಳಿರುತ್ತವೆ. ಹುಲ್ಲಿನ ಬುಡದಲ್ಲಿ ಗುಲಗಂಜಿ ಹುಳುಗಳು ಚಳಿಯಿಂದ ಅವಿತುಕೊಂಡಿರುತ್ತವೆ. ಉದುರೆಲೆಯ ಕೆಳಗೆ ಚಿಟ್ಟೆ, ಪತಂಗಗಳ ಕೋಶಗಳಿರುತ್ತವೆ. ಶರತ್ಕಾಲದಲ್ಲಿ ತೋಟವನ್ನು 'ಚೊಕ್ಕಟ' ಮಾಡಿದರೆ ಮುಂದಿನ ವಸಂತದಲ್ಲಿ ಹಾರಬೇಕಾದ ಎಷ್ಟೋ ಜೀವಗಳನ್ನು ರಾಶಿಗೆ ಸೇರಿಸಿದಂತಾಗುತ್ತದೆ.

ಹುಮ್ಮೆಲೊದಿಂದ ಬಹಳ ದೂರವಿಲ್ಲದ, ಗಡಿಯಾಚೆಯ ಕ್ರೆಫೆಲ್ಡ್ ಎಂಬ ಜರ್ಮನ್ ಪಟ್ಟಣದ ಕೀಟಪ್ರೇಮಿಗಳ ಸಂಘವೊಂದು 1989ರಿಂದ ಡೇರೆಯಂಥ ಬಲೆಗಳನ್ನು ಕಟ್ಟಿ, ಅವುಗಳಲ್ಲಿ ಬಿದ್ದ ಹಾರುವ ಕೀಟಗಳನ್ನು ತೂಗಿ ಲೆಕ್ಕವಿಡುತ್ತ ಬಂದಿತು. 63 ರಕ್ಷಿತ ತಾಣಗಳ 27 ವರ್ಷಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಕೀಟಗಳ ಒಟ್ಟು ತೂಕ ನೂರಕ್ಕೆ 75ಕ್ಕಿಂತಲೂ ಹೆಚ್ಚು ಇಳಿದಿತ್ತು. ನೆನಪಿಡಿ, ಇದು ನಗರದ ಲೆಕ್ಕವಲ್ಲ. ನಿಸರ್ಗಕ್ಕೆಂದೇ ಕಾಯ್ದಿಟ್ಟ ಜಾಗಗಳ ಲೆಕ್ಕ. ಮನೆಯ ತೋಟಗಳಿಂದ ಈ ನಷ್ಟ ತುಂಬಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ರಕ್ಷಿತ ತಾಣವೇ ಸಾಲದಾದಾಗ ಮನೆಯಂಗಳವೂ ಲೆಕ್ಕಕ್ಕೆ ಬರುತ್ತದೆ.

ಆಕ್ಷೇಪಣೆಗಳೂ ಇವೆ. ಔಡಾಲ್ಫ್ ಬಳಸುವ ಅನೇಕ ಗಿಡಗಳು ಆ ನೆಲದವಲ್ಲ. ಎಕಿನೇಶಿಯಾ, ಪ್ಯಾನಿಕಮ್ ಎರಡೂ ಅಮೆರಿಕದ ಹುಲ್ಲುಗಾವಲಿನಿಂದ ಬಂದವು. ಸಹಜವೆಂದು ಕರೆಯುತ್ತ ಹೊರಗಿನ ಗಿಡ ತರುವುದು ಸರಿಯೇ ಎಂದು ಕೇಳುವವರಿದ್ದಾರೆ. ಇದು ಗಂಭೀರವಾದ ಪ್ರಶ್ನೆ. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳನ್ನು ಹೇಗೆ ಆವರಿಸಿತೆಂಬುದನ್ನು ನಾವು ಬಲ್ಲೆವು. ಆದ್ದರಿಂದ ಸಹಜ ತೋಟ ಮಾಡುವವನು ಗಿಡದ ಚೆಲುವನ್ನು ಮಾತ್ರವಲ್ಲ, ಅದು ಬೇಲಿ ದಾಟಿ ಹೋದರೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು.

ಇನ್ನು ನಮ್ಮ ನಾಡಿನ ಮಾತು. ಜರ್ಮನಿಯಲ್ಲಿ ಹುಟ್ಟಿದ ತೋಟಗಾರ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಅವರು ಹುಟ್ಟಿದ್ದೂ ಥೈಸೆ ಹುಟ್ಟಿದ 1865ರಲ್ಲಿಯೇ. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸಿದ ಕೀರ್ತಿ ಅವರದು. ಅದು ಹೂವಿನ ಸರದಿಯನ್ನು ಯೋಜಿಸಿದ ಜಾಣ್ಮೆ. ಹೂವು ಮುಗಿದ ಮೇಲಿನ ಬಾಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ಮುಂದಿನ ಹೆಜ್ಜೆ.

ಹುಮ್ಮೆಲೊ ತೋಟವನ್ನು ಇಲ್ಲಿ ಹಾಗೆಯೇ ನಕಲು ಮಾಡಿದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಎಲೆಯುದುರುವ ಕಾಲ ಶರತ್ತಲ್ಲ, ಶಿಶಿರ. ತೇಗ, ಮುತ್ತುಗ, ಬೂರುಗದ ಮರಗಳು ಬರಿದಾಗುವುದು ಕತ್ತಲೆಗೋ ಹಿಮಕ್ಕೋ ಹೆದರಿ ಅಲ್ಲ, ಮುಖ್ಯವಾಗಿ ನೀರಿನ ಅಭಾವಕ್ಕೆ. ನಮ್ಮ ಋತುವನ್ನು ನಾವೇ ನೋಡಿ ಕಲಿಯಬೇಕು. ಅದಕ್ಕೆ ದೊಡ್ಡ ತೋಟವೇನೂ ಬೇಡ. ಮನೆಯ ಹಿತ್ತಲಿನಲ್ಲೋ ಶಾಲೆಯ ಆವರಣದಲ್ಲೋ ಒಂದು ಗಜ ಉದ್ದ, ಒಂದು ಗಜ ಅಗಲದ ಜಾಗ ಗುರುತುಮಾಡಿ. ಒಂದು ವರ್ಷ ಅಲ್ಲಿನ ಒಣಗಿದ್ದನ್ನು ಕೀಳಬೇಡಿ. ವಾರಕ್ಕೊಮ್ಮೆ ಹೋಗಿ ನೋಡಿ, ತಾರೀಖು ಹಾಕಿ ಬರೆದಿಡಿ. ತುಂಬೆಯ ಒಣಗೊಂಚಲಿನ ಆಕಾರ ಬಿಡಿಸಿ. ಕನಕಾಂಬರದ ಒಣಗಿದ ಕಾಯಿಗೆ ಒಂದು ಹನಿ ನೀರು ಸೋಕಿಸಿ, ಅದು ಹೇಗೆ ಸಿಡಿದು ಬೀಜ ಎಸೆಯುತ್ತದೆಂದು ನೋಡಿ. ಹುಲ್ಲಿನ ಬೀಜಕ್ಕೆ ರಾಟವಾಳ ಹಕ್ಕಿ ಬರುತ್ತದೆಯೇ ಎಂದು ಕಾಯಿರಿ.

ಎರಡು ಎಚ್ಚರಿಕೆಗಳಿವೆ. ದಟ್ಟವಾಗಿ ಬೆಳೆದ ಹುಲ್ಲಿನಲ್ಲಿ ಹಾವು ಸೇರಿಕೊಳ್ಳಬಹುದು. ಆದ್ದರಿಂದ ಆ ಜಾಗ ಬಾಗಿಲಿಗೂ ಓಡಾಡುವ ದಾರಿಗೂ ದೂರವಿರಲಿ, ಕೈಹಾಕುವ ಮೊದಲು ಕಣ್ಣುಹಾಯಿಸಿ. ಪಾರ್ಥೇನಿಯಂ ಗಿಡ ಕಂಡರೆ, ಹೂ ಬಿಡುವ ಮೊದಲೇ, ಕೈಗೆ ರಕ್ಷಣೆ ಹಾಕಿಕೊಂಡು ತೆಗೆದುಹಾಕಿ. ತಾನಾಗಿ ಬೆಳೆದದ್ದೆಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಉದುರೆಲೆಯನ್ನು ದಾರಿಯಿಂದ ಗುಡಿಸಬೇಕಾದರೆ ಗುಡಿಸಿ. ಆದರೆ ಬೆಂಕಿಗೆ ಹಾಕದೆ ಗಿಡದ ಬುಡಕ್ಕೆ ಹಾಕಿ. ಕಸದಿಂದ ರಸ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮಿತ್ರರೇ, ಹುಮ್ಮೆಲೊದ ತೋಟಗಾರರು ಹೊಸ ಹೂವನ್ನೇನೂ ಸೃಷ್ಟಿಸಿ ಹೆಸರಾದವರಲ್ಲ. ಎಲ್ಲರೂ ನೋಡುವುದನ್ನು ನಿಲ್ಲಿಸಿದ ಮೇಲೂ ಅವರು ನೋಡುತ್ತ ನಿಂತರು. ಮುಂದಿನ ಸಲ ಒಣಗಿದ ಗಿಡವೊಂದನ್ನು ಕೀಳಲು ಬಗ್ಗಿದಾಗ ಒಂದು ನಿಮಿಷ ತಡೆಯಿರಿ. ಅದರಲ್ಲಿ ಬೀಜವಿದೆಯೇ, ಗೂಡಿದೆಯೇ, ಯಾರದಾದರೂ ಊಟವಿದೆಯೇ ನೋಡಿ. ನೋಡಿದ ಮೇಲೂ ಕೀಳಬೇಕೆನಿಸಿದರೆ ಕೀಳಿ. ಆದರೆ ನೋಡದೆ ಕೀಳಬೇಡಿ.